ಐದು ನಿಮಿಷದ ಆಹ್ಲಾದಕರ ನಡಿಗೆ

ನಾನು ನೋಡದ ಊರಿಲ್ಲ. ಅಂದರೆ, ನಾನು ಬರೆಯದ ಊರಿಲ್ಲ. ಇವೆರಡೂ ಬೇರೆಬೇರೆ ಎಂಬ ಗುಟ್ಟು ಹದಿನೆಂಟು ವರ್ಷ ನನಗೂ ನನ್ನ ಆಫೀಸಿನ ಕುರ್ಚಿಗೂ ಮಾತ್ರ ಗೊತ್ತಿತ್ತು.

ಪ್ರವಾಸ ಕಂಪನಿಯೊಂದರಲ್ಲಿ ಪ್ರೇಕ್ಷಣೀಯ ಸ್ಥಳಗಳ ಪುಸ್ತಿಕೆ ಬರೆಯುವುದು ನನ್ನ ಉದ್ಯೋಗ. ಮಾಲೀಕರು ನಾಲ್ಕು ಫೋಟೋ, ಒಂದು ನಕ್ಷೆ ತಂದು ಮೇಜಿನ ಮೇಲಿಡುತ್ತಾರೆ. ಊಟದ ಹೊತ್ತಿಗೆ ಅಲ್ಲೊಂದು ಸ್ವರ್ಗ ಸಿದ್ಧ. ಫೋಟೋದಲ್ಲಿ ನೀರು ಕಂಡರೆ 'ಸ್ಫಟಿಕಸದೃಶ ಸರೋವರ', ಕಲ್ಲು ಕಂಡರೆ 'ಇತಿಹಾಸದ ಮೂಕಸಾಕ್ಷಿ', ಏನೂ ಕಾಣದಿದ್ದರೆ 'ಮಂಜು ಮುಸುಕಿದ ನಿಗೂಢ ಸೌಂದರ್ಯ'. ಬಸ್ಸಿಳಿದ ಮೇಲೆ ಎಲ್ಲ ಕಡೆಯೂ 'ಐದು ನಿಮಿಷದ ಆಹ್ಲಾದಕರ ನಡಿಗೆ'. (ನಕ್ಷೆಯ ಮೇಲೆ ಬೆರಳು ನಡೆಸಿದರೆ ಅಷ್ಟೂ ಹಿಡಿಯುವುದಿಲ್ಲ.)

ಮದುವೆಯಾದ ಹೊಸದರಲ್ಲಿ ಹೆಂಡತಿ, "ಇಷ್ಟೆಲ್ಲ ಊರು ಯಾವಾಗ ಸುತ್ತಿದ್ರಿ?" ಎಂದು ಕಣ್ಣರಳಿಸಿ ಕೇಳಿದ್ದಳು. ಆ ಅರಳಿದ ಕಣ್ಣಿನ ಮುಂದೆ ನಿಜ ಹೇಳುವಷ್ಟು ಧೈರ್ಯ ನನಗಿರಲಿಲ್ಲ. "ಮದುವೆಗೆ ಮುಂಚೆ," ಎಂದುಬಿಟ್ಟೆ. ಅಂದಿನಿಂದ ಅವಳ ದೃಷ್ಟಿಯಲ್ಲಿ ನಾನು ಮಹಾ ಸಂಚಾರಿ. ಮನೆಯಲ್ಲಿ ನನಗಿದ್ದ ಮರ್ಯಾದೆಯೆಲ್ಲ ಆ ಒಂದು ಸುಳ್ಳಿನ ಮೇಲೆ ನಿಂತಿತ್ತು. ಬೇರೆ ಆಧಾರ ಇರಲೂ ಇಲ್ಲ.

ಅವಳು ಮನೆಯಲ್ಲೇ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಕಾಲಿಂಚು ಹೆಚ್ಚುಕಮ್ಮಿಯಾದರೂ ಬಿಚ್ಚಿ ಮತ್ತೆ ಹೊಲಿಯುವ ಜಾತಿ. ಕೆಲಸ ಮುಗಿಸಿ ಸಂಜೆ ನನ್ನ ಪುಸ್ತಿಕೆ ಹಿಡಿದು ಕೂತರೆ ಕರೆದರೂ ಕೇಳಿಸುತ್ತಿರಲಿಲ್ಲ. ಒಂದು ದಿನ ಅರವತ್ತಮೂರನೆಯ ಪುಸ್ತಿಕೆಯನ್ನು ಮಡಚಿಟ್ಟು ಅಂದಳು:

"ಈ ಬೆಟ್ಟದ ಕೋಟೆಗೆ ಹೋಗೋಣ. ಭಾನುವಾರ ನಿಮ್ಮ ಕಂಪನಿ ಬಸ್ಸೇ ಇದೆ. ನಾನೇ ಎರಡು ಸೀಟು ಹಾಕಿಸಿದ್ದೀನಿ."

"ಅದನ್ನ ನಾನು ನೋಡಿದ್ದಾಗಿದೆಯಲ್ಲ," ಎಂದೆ.

"ನಾನು ನೋಡಿಲ್ವಲ್ಲ. ನೀವು ಜೊತೆಗಿದ್ರೆ ದಾರಿ ತಪ್ಪೋ ಭಯ ಇಲ್ಲ."

ಭಾನುವಾರ ಬಸ್ಸಿನಲ್ಲಿ ಇಪ್ಪತ್ತೆರಡು ಜನ. ನಮ್ಮ ಪಕ್ಕದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ನನ್ನ ಪುಸ್ತಿಕೆಗೆ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುತ್ತ ಕೂತಿದ್ದರು. ನಾನು ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡೆ. ಹೆಂಡತಿ ಅದನ್ನು ಮೇಲೆತ್ತಿ, "ಅದನ್ನ ಬರೆದಿದ್ದು ಇವರೇ ಸಾರ್," ಎಂದಳು. ಹೆಮ್ಮೆಯಿಂದಲೇ ಹೇಳಿದಳು. ಬಸ್ಸಿಗೆ ಬಸ್ಸೇ ತಿರುಗಿ ನೋಡಿತು. ಮುಖ್ಯೋಪಾಧ್ಯಾಯರು ಎದ್ದು ಕೈಕುಲುಕಿ, "ಹಾಗಾದ್ರೆ ಇವತ್ತು ನಮಗೆಲ್ಲ ನೀವೇ ಮಾರ್ಗದರ್ಶಕರು," ಎಂದು ಘೋಷಿಸಿದರು.

ಬೆಟ್ಟದ ಬುಡದಲ್ಲಿ ಬಸ್ಸು ನಿಂತಿತು. ಕತ್ತೆತ್ತಿ ನೋಡಿದೆ. ಮೆಟ್ಟಿಲುಗಳ ಕೊನೆ ಕಾಣಲಿಲ್ಲ.

"ಎಷ್ಟು ಹೊತ್ತಾಗುತ್ತಪ್ಪ?" ಎಂದು ಚಾಲಕನ ಕಿವಿಯಲ್ಲಿ ಕೇಳಿದೆ.

"ಪುಸ್ತಕದಲ್ಲಿ ಐದು ನಿಮಿಷ ಅಂತಿದೆ," ಎಂದ ಆತ, ಸೀಟಿನ ಮೇಲೆ ದಿಂಬು ಸರಿಮಾಡಿಕೊಳ್ಳುತ್ತ. "ನಾನು ಸಾಯಂಕಾಲದವರೆಗೂ ಮಲಗಿರ್ತೀನಿ."

ಮೊದಲ ನೂರು ಮೆಟ್ಟಿಲಿಗೆ ನನ್ನ ಮಾತು ನಿಂತಿತು. ಮುಂದಿನ ನೂರಕ್ಕೆ ಜಂಘಾಬಲವೇ ಉಡುಗಿತು. ಹಿಂದಿನಿಂದ ಮುಖ್ಯೋಪಾಧ್ಯಾಯರು ಗಡಿಯಾರ ನೋಡುತ್ತ, "ಐದು ನಿಮಿಷ ಆಗಿ ನಲವತ್ತು ನಿಮಿಷ ಆಯ್ತು," ಎಂದರು. 'ಸ್ನೇಹಪರ ವಾನರಗಳು' ಎಂದು ನಾನು ಬರೆದಿದ್ದವರ ಪೈಕಿ ಒಬ್ಬರು ಬಂದು ನನ್ನ ಕನ್ನಡಕ ಕಿತ್ತುಕೊಂಡು ಮರವೇರಿದರು. 'ದಣಿದವರಿಗೆ ತಂಪು ಪಾನೀಯ' ಎಂದಿದ್ದ ಜಾಗದಲ್ಲಿ ಬೀಗ ಹಾಕಿದ ಗುಡಿಸಲಿತ್ತು, ಬೀಗಕ್ಕೆ ತುಕ್ಕು ಹಿಡಿದಿತ್ತು. ಹೆಂಡತಿ ಮಾತ್ರ ತುಟಿ ಅಲುಗಿಸುತ್ತ ಮೆಟ್ಟಿಲು ಎಣಿಸುತ್ತಿದ್ದಳು. ಆ ಎಣಿಕೆ ಕೇಳಿ ನನಗೆ ಏರುವುದಕ್ಕಿಂತ ಹೆಚ್ಚು ಸುಸ್ತಾಯಿತು.

ತುದಿ ತಲುಪಿದಾಗ ಒಂದು ಗಂಟೆ ನಲವತ್ತು ನಿಮಿಷವಾಗಿತ್ತು. ಸ್ಫಟಿಕಸದೃಶ ಸರೋವರದಲ್ಲಿ ಎರಡು ಆಡುಗಳು ಮೊಣಕಾಲುದ್ದ ಪಾಚಿಯಲ್ಲಿ ನಿಂತು ನಮ್ಮನ್ನು ನೋಡಿದವು. ಜನರೆಲ್ಲ ಆಡುಗಳನ್ನು ಬಿಟ್ಟು ನನ್ನನ್ನು ನೋಡಿದರು.

ಹೆಂಡತಿ ನನ್ನನ್ನು ಮುರಿದ ಗೋಡೆಯೊಂದರ ಹಿಂದಕ್ಕೆ ಕರೆದೊಯ್ದು ಕೂರಿಸಿ, ನೀರು ಕೊಟ್ಟು, ಮೆಲ್ಲಗೆ ಕೇಳಿದಳು:

"ನೀವು ಬಂದಾಗ ಪುಸ್ತಿಕೆಯಲ್ಲಿರೋ ಆ ಭವ್ಯ ಮಹಾದ್ವಾರ ಯಾವ ಕಡೆ ಇತ್ತು?"

"ಪೂರ್ವಕ್ಕೆ," ಎಂದೆ.

"ಅಲ್ಲಿ ಪ್ರಪಾತ ಇದೆ."

ಕನ್ನಡಕವಿಲ್ಲದ್ದರಿಂದ ನನಗೆ ಪ್ರಪಾತ ಕಾಣಲಿಲ್ಲ. ಅವಳ ಮುಖ ಮಾತ್ರ ಹತ್ತಿರದಲ್ಲೇ ಇತ್ತು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಎಲ್ಲ ಒಪ್ಪಿಕೊಂಡೆ. ಈ ಬೆಟ್ಟವಷ್ಟೇ ಅಲ್ಲ, ಒಂದರಿಂದ ಅರವತ್ತೆರಡರವರೆಗೆ ಯಾವ ಊರಿಗೂ ಹೋಗಿಲ್ಲವೆಂದೆ.

ಬೈಯುತ್ತಾಳೆಂದುಕೊಂಡಿದ್ದೆ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ.

"ಮಿಷನ್ ತುಳೀತಾ ತುಳೀತಾ ನಿಮ್ಮ ಕಣ್ಣಲ್ಲೇ ಎಲ್ಲ ಊರನ್ನೂ ನೋಡಿದೆ ಅಂದ್ಕೊಂಡಿದ್ದೆ," ಎಂದಳು. "ನೀವೂ ನೋಡಿಲ್ಲ ಅಂದ್ರೆ, ನಾನು ನೋಡಿದ್ದು ಯಾವ ಊರು?"

ನಾಚಿಕೆಯಾಯಿತು.

ಮೂರು ದಿನ ಮನೆಯಲ್ಲಿ ಮಾತಾಡಿದ್ದು ಹೊಲಿಗೆ ಯಂತ್ರವೊಂದೇ. ನಾಲ್ಕನೆಯ ದಿನ ಮಾಲೀಕರು ಒಳಗೆ ಕರೆಸಿದರು. ಅವರ ಕೈಯಲ್ಲಿ ದೂರಿನ ಪತ್ರವಿತ್ತು. ಕೆಳಗೆ ಇಪ್ಪತ್ತೊಂದು ಸಹಿ. ಮುಖ್ಯೋಪಾಧ್ಯಾಯರ ಕೆಲಸವೇ ಎಂದು ಹಲ್ಲು ಕಡಿದೆ. ಮಾಲೀಕರು ಗಟ್ಟಿಯಾಗಿ ಓದತೊಡಗಿದರು:

"'ಮೆಟ್ಟಿಲು ಸಾವಿರದ ನೂರ ಹದಿನಾಲ್ಕು. ಆರುನೂರರ ಮೇಲೆ ನೆರಳಿಲ್ಲ. ನೀರು ಕೆಳಗಿನಿಂದಲೇ ಒಯ್ಯಬೇಕು. ಕನ್ನಡಕದವರು ಅದನ್ನು ಜೇಬಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಕೋಟೆ ಎನ್ನುವಷ್ಟು ಕೋಟೆ ಉಳಿದಿಲ್ಲ. ಆದರೂ ಹೋಗಿ. ತುದಿಯಲ್ಲಿ ಮುರಿದ ಗೋಡೆಯ ಹಿಂದೆ ಕೂತರೆ ಗಾಳಿ ಬೆವರು ಆರಿಸುತ್ತದೆ. ನಾವು ಬಂದ ಬಸ್ಸು ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಜೊತೆಗೆ ಬಂದವರ ಮೇಲೆ ಎಷ್ಟೇ ಸಿಟ್ಟಿದ್ದರೂ ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು ಅನ್ನಿಸುತ್ತದೆ.'"

ಆ ಗೋಡೆಯ ಹಿಂದೆ ಕೂತಿದ್ದವರು ಇಬ್ಬರೇ.

"ಇದನ್ನ ಬರೆದಿದ್ದು ಯಾರೋ ಹೆಂಗಸಂತೆ. ಯಾರು ಅಂತ ಪತ್ತೆ ಮಾಡಿ," ಎಂದರು ಮಾಲೀಕರು. "ಮುಖ್ಯೋಪಾಧ್ಯಾಯರು ಇದರ ಪ್ರತಿ ಮಾಡಿ ಊರಿಗೆಲ್ಲ ಹಂಚಿದ್ದಾರೆ. ನಮ್ಮ ಮಾನ ಹೋಯ್ತು ಅಂದ್ಕೊಂಡೆ. ನೋಡಿದ್ರೆ ಮುಂದಿನ ಮೂರು ಭಾನುವಾರಕ್ಕೆ ಬಸ್ಸು ಭರ್ತಿ. ನಿಮ್ಮ ಹದಿನೆಂಟು ವರ್ಷದಲ್ಲಿ ಒಂದು ಸಲನಾದ್ರೂ ಹೀಗಾಗಿದ್ಯಾ? ಇನ್ಮೇಲೆ ಪುಸ್ತಿಕೆ ಅವರೇ ಬರೀಲಿ."

"ಪತ್ತೆ ಮಾಡೋದು ಕಷ್ಟ ಇಲ್ಲ ಸಾರ್," ಎಂದೆ. "ಒಪ್ಪಿಸೋದು ಕಷ್ಟ."

ಕಷ್ಟವೇನೂ ಆಗಲಿಲ್ಲ. ನನ್ನನ್ನು ಕೇಳದೆಯೇ ಒಪ್ಪಿಕೊಂಡಳು. ಈಗ ತಿಂಗಳಿಗೆ ಎರಡು ಊರು, ತನ್ನ ತಂಗಿಯನ್ನು ಕಟ್ಟಿಕೊಂಡು, ಅಳತೆಯ ಟೇಪನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿಬರುತ್ತಾಳೆ. ಅವಳಿಲ್ಲದಾಗ ಸಮವಸ್ತ್ರಗಳಿಗೆ ಗುಂಡಿ ಹಚ್ಚುವುದು ನಾನು. ಅವಳು ಬರೆದದ್ದನ್ನು ಆಫೀಸಿನಲ್ಲಿ ಟೈಪು ಮಾಡುವುದೂ ನಾನೇ. ಒಂದೇ ಒಂದು 'ನಯನಮನೋಹರ' ಸೇರಿಸಿದ್ದಕ್ಕೆ ಮಾಲೀಕರಿಂದ ನೋಟೀಸು ಬಂದಿದೆ.

ಹೋದ ವಾರ ಸಮುದ್ರದ ದೀಪಸ್ತಂಭ ನೋಡಿ ಬಂದಳು. ಮುಖ ಬಿಸಿಲಿಗೆ ಕಂದಿತ್ತು, ಕಣ್ಣು ಹೊಳೆಯುತ್ತಿತ್ತು. ನನಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು.

"ಮುಂದಿನ ಸಲ ನಾನೂ ಬರಲಾ?" ಎಂದೆ.

"ಸೀಟಿಲ್ಲ," ಎಂದಳು.

"ಹೋಗ್ಲಿ, ಮೇಲಿಂದ ಸಮುದ್ರ ಹೇಗೆ ಕಾಣುತ್ತೆ, ಅದಾದ್ರೂ ಹೇಳು."

ಚಪ್ಪಲಿಯೊಳಗಿನ ಮರಳನ್ನು ನಾನು ಆಗಷ್ಟೇ ಗುಡಿಸಿದ್ದ ನೆಲದ ಮೇಲೆ ಕೊಡವಿದಳು.

"ಪುಸ್ತಿಕೆ ಬರುತ್ತಲ್ಲ," ಎಂದಳು. "ಓದ್ಕೊಳ್ಳಿ."

ಓದಿದೆ. ಎರಡು ಸಲ ಓದಿದೆ.