ಮೈನಸ್ ಹನ್ನೊಂದರ ಬ್ಲೌಸು

ಟಕ್, ಟಕ್, ಟಕ್! ಕಾನ್ವೆಂಟಿನಲ್ಲಿ ಯಾರಾದರೂ ತಪ್ಪು ಉತ್ತರ ಹೇಳಿದರೆ ಸಿಸ್ಟರ್ ಸ್ಕೇಲಿನಿಂದ ಮೇಜಿಗೆ ಒಂದು ಬಡಿಯುತ್ತಿದ್ದರು. ತಕ್ಷಣ ನಲವತ್ತು ಹುಡುಗಿಯರೂ ಡೆಸ್ಕ್ ಬಡಿಯುತ್ತಿದ್ದೆವು. ಸರಿಯುತ್ತರ ನಮಗೂ ಗೊತ್ತಿರುತ್ತಿರಲಿಲ್ಲ. ಬಡಿಯುವುದು ಮಾತ್ರ ಚೆನ್ನಾಗಿ ಗೊತ್ತಿತ್ತು!

ಆ ವಿದ್ಯೆ ಎಪ್ಪತ್ತೆರಡನೇ ವಯಸ್ಸಿನಲ್ಲಿ ಇಷ್ಟು ಉಪಯೋಗಕ್ಕೆ ಬರುತ್ತದೆ ಎಂದುಕೊಂಡಿರಲಿಲ್ಲ. ಹೊಲಿಗೆ, ಕಸೂತಿಯ ಡೌಟ್ ಕೇಳುವ ಒಂದು ಇಂಗ್ಲಿಷ್ ವೆಬ್‌ಸೈಟಿನಲ್ಲಿ ನಾನು ‘ಕ್ರೋಶಾ ಕ್ವೀನ್’. ಪ್ರಶ್ನೆ ಹಿಡಿಸಿದರೆ ಮೇಲ್ಮುಖದ ಬಾಣ ಒತ್ತಬೇಕು, ಹಿಡಿಸದಿದ್ದರೆ ಕೆಳಮುಖದ್ದು. ಮೈನಸ್ ಹತ್ತು ದಾಟಿತೋ, ಪ್ರಶ್ನೆಗೆ ಬೀಗ. ಆಮೇಲೆ ಯಾರೂ ಉತ್ತರ ಕೊಡುವಂತಿಲ್ಲ.

ಸದಾಶಿವನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಭಾಗ್ಯ ಕುಣಿಗಲ್ ಕಡೆಯವಳು, ಬ್ಲೌಸ್ ಹೊಲಿದು ಜೀವನ ಮಾಡುತ್ತಿದ್ದಳು. ಸಣ್ಣಪುಟ್ಟದ್ದಕ್ಕೂ ಬಾಗಿಲು ತಟ್ಟುತ್ತಾಳೆಂದು ನಾನೇ ಅವಳ ಫೋನಿಗೆ ಆ ಸೈಟ್ ಹಾಕಿಕೊಟ್ಟೆ.

“ಮಧ್ಯಾಹ್ನ ನನ್ನ ನಿದ್ದೆ ಕೆಡಿಸಬೇಡಮ್ಮ. ಇಲ್ಲಿ ಕೇಳು. ಹೋಲ್ ವರ್ಲ್ಡ್ ಉತ್ತರ ಕೊಡುತ್ತೆ!”

ಗುಬ್ಬಿಯಲ್ಲಿ ನನ್ನ ತಂಗಿಯ ಮೊಮ್ಮಗಳ ಮದುವೆ. ಹೆಣ್ಣಿನ ಬ್ಲೌಸು ನನ್ನ ಜವಾಬ್ದಾರಿ ಎಂದು ಘೋಷಿಸಿ ಭಾಗ್ಯಳಿಗೆ ಒಪ್ಪಿಸಿದ್ದೆ. ಹಿಂದಿನ ದಿನ ಸಂಜೆ ಆರಕ್ಕೆ ಕಾರು ಹೊರಡಬೇಕು. ಅವತ್ತು ಮೂರು ಗಂಟೆಗೆ ಸೈಟ್ ತೆರೆದರೆ, ಯಾರೋ ಹೆಸರಿಲ್ಲದವರ ಪ್ರಶ್ನೆ: ‘ಸರ್, ಮಷೀನ್ ಸ್ಟಿಚ್ ಜಂಪ್ ಜಂಪ್. ಟುಮಾರೋ ಮ್ಯಾರೇಜ್ ಬ್ಲೌಸ್. ಹೆಲ್ಪ್ ಸರ್.’

ಫೋಟೋ ಇಲ್ಲ, ಮಷೀನಿನ ಮಾಡೆಲ್ ಇಲ್ಲ, ಪ್ಲೀಸ್ ಅಂತೂ ಇಲ್ಲವೇ ಇಲ್ಲ! ಆಗಲೇ ನಾಲ್ಕು ಜನ ಕೆಳಕ್ಕೆ ಒತ್ತಿದ್ದರು. ನಾನೂ ಒತ್ತಿದೆ. ‘ಫಸ್ಟ್ ಲರ್ನ್ ಟು ಆಸ್ಕ್’ ಎಂದು ಬರೆದೆ. ಸಾಲದೆಂದು ನಮ್ಮ ಕ್ರೋಶಾ ಗ್ರೂಪಿನ ಆರು ಜನಕ್ಕೂ ಕಳಿಸಿದೆ. “ಗರ್ಲ್ಸ್, ಈ ಅವತಾರ ನೋಡಿ!” ಅರವತ್ತು ದಾಟಿದ ಗರ್ಲ್ಸ್ ಒಬ್ಬರೂ ಬಿಡದೆ ಒತ್ತಿದರು. ಮೈನಸ್ ಹನ್ನೊಂದು. ಬೀಗ!

“ಸೂಜಿ ಉಲ್ಟಾ ಹಾಕಿದಾರೆ, ಅಷ್ಟೇ,” ಎಂದೆ ಯಜಮಾನರಿಗೆ.

“ಗೊತ್ತಿದ್ರೆ ಹೇಳೋದು ತಾನೆ?”

“ಹಾಗೆಲ್ಲ ಹೇಳ್ಬಿಟ್ರೆ ಜನ ಕಲಿಯೋದು ಹೇಗ್ರೀ?”

ನಾಳೆ ಮದುವೆ, ಬ್ಲೌಸು, ಮಷೀನು. ನನಗೆ ಹೊಳೆಯಬೇಡವೇ? ಹೊಳೆಯಲಿಲ್ಲ. ತೀರ್ಪು ಕೊಡುವ ಕುರ್ಚಿಯಲ್ಲಿ ಕೂತವರಿಗೆ ಇಂಥ ಸಣ್ಣ ವಿಷಯ ಹೊಳೆಯುವುದಿಲ್ಲ.

ನಾಲ್ಕೂವರೆಗೆ ಯಜಮಾನರು ಸೂರು ನೋಡಿದರು. “ಅಲ್ಲ ಕಣೇ, ಮೇಲ್ಗಡೆ ಮಷೀನ್ ಸದ್ದೇ ಇಲ್ವಲ್ಲ?”

ಆಗ ಹೊಳೆಯಿತು. ಮೆಟ್ಟಿಲು ಹತ್ತುವಾಗ ಮಂಡಿನೋವು ನೆನಪಾಗಲೇ ಇಲ್ಲ.

ಭಾಗ್ಯಳ ಮಡಿಲಲ್ಲಿ ಒಂದೇ ತೋಳಿನ ಕೆಂಪು ಬ್ಲೌಸು. ಕಣ್ಣು ಅದಕ್ಕಿಂತ ಕೆಂಪು.

“ನೀವೇಳಿದ್ ಕಡೇನೇ ಕೇಳ್ದೆ ಮೇಡಂ. ಹನ್ನೊಂದ್ ಜನ ಥೂ ಅಂದ್ರು. ಯಾವಳೋ ಕ್ವೀನ್ ಅಂತೆ, ಮೊದ್ಲು ಕೇಳೋದ್ ಕಲಿ ಅಂದವ್ಳೆ.”

ಹಿಂದೆ ಬಂದು ನಿಂತಿದ್ದ ಯಜಮಾನರು ಕೆಮ್ಮಿದರು. ಅವರಿಗೆ ಕೆಮ್ಮೇನೂ ಇರಲಿಲ್ಲ!

ಸೂಜಿ ತಿರುಗಿಸಿ ಹಾಕಿದೆ. ಅರ್ಧ ನಿಮಿಷದ ಕೆಲಸ. ಮಷೀನ್ ಓಡಿತು. ಭಾಗ್ಯಳ ಕೈ ಓಡಲಿಲ್ಲ.

“ಇಷ್ಟೇನಾ ಮೇಡಂ? ಇಷ್ಟೂ ಗೊತ್ತಿಲ್ದೋಳು ನಾನ್ಯಾಕ್ ಹೊಲೀಬೇಕು ಬುಡಿ.”

ಐದು ಗಂಟೆ. ಗ್ರೂಪಿಗೆ ಬರೆದೆ: “ಗರ್ಲ್ಸ್, ವೋಟ್ ವಾಪಸ್ ತಗೊಳ್ಳಿ!” ಬೀಗ ಬಿದ್ದಮೇಲೆ ಆಗುವುದಿಲ್ಲವಂತೆ. ಒಬ್ಬಳು ಕೇಳಿದಳು: “ಬೇರೆ ಯಾವುದಾದರೂ ಇದ್ದರೆ ಕಳಿಸೇ, ಈಗ ಫ್ರೀ ಇದೀನಿ.”

ಕೊನೆಗೆ ಕ್ವೀನೇ ಸಿಂಹಾಸನ ಏರಿದಳು. ಗಡಿಬಿಡಿಯಲ್ಲಿ ಉಳಿದ ತೋಳನ್ನು ಕೂಡಿಸಿದೆ, ಒಳಮೈ ಹೊರಗಾಗಿ! ಕೆಳಗೆ ಕಾರು ಹಾರ್ನ್ ಹೊಡೆಯುತ್ತಿತ್ತು. ಮದುವೆಯ ಫೋಟೋಗಳಲ್ಲೆಲ್ಲ ಹುಡುಗಿ ಚಳಿಜ್ವರ ಬಂದವಳಂತೆ ಸೆರಗು ಹೊದ್ದು ನಿಂತಿದ್ದಾಳೆ.

ಭಾಗ್ಯ ಮತ್ತೆ ಮಷೀನ್ ಮುಟ್ಟಲಿಲ್ಲ. ಊರಾಚೆ ಅಂತರಸನಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ತಿಂಗಳಾದ ಮೇಲೆ ಅಲ್ಲೇ ಹತ್ತಿರ ರೂಮು ಹಿಡಿದಳು. ಮನೆ ಖಾಲಿ ಮಾಡಿದ ದಿನ ಬಸ್ ಸ್ಟಾಪಿನವರೆಗೆ ನಾನೂ ಹೋದೆ. ಅವಳನ್ನು ಕೊನೆಯ ಸಲ ನೋಡಿದ್ದು ಅಲ್ಲೇ.

“ಕೆಲಸ ಹೆಂಗಿದೆಯಮ್ಮ?”

“ಪರ್ವಾಗಿಲ್ಲ ಮೇಡಂ. ಗೊತ್ತಾಗ್ದಿದ್ರೆ ಪಕ್ಕದೋಳ್ನ ಕೇಳಿದ್ರೆ ಹೇಳ್ಕೊಡ್ತಾಳೆ.”

ಆ ಕ್ವೀನ್ ನಾನೇ ಎಂದು ಹೇಳಲು ವಾರದಿಂದ ಕನ್ನಡ, ಇಂಗ್ಲಿಷ್ ಎರಡರಲ್ಲೂ ರಿಹರ್ಸಲ್ ಮಾಡಿದ್ದೆ. ಬಸ್ಸು ಬಂತು. ಅವಳು ಹತ್ತಿದಳು. ಒಳಗೆ ಇಬ್ಬರು ಸರಿದು ಜಾಗ ಕೊಟ್ಟರು. ಕಿಟಕಿಯ ಹತ್ತಿರ ಓಡಿಹೋಗಿ ಧೈರ್ಯ ಮಾಡಿ ಬಾಯಿ ತೆರೆದೆ.

“ಸ್ವೆಟರ್ ತಗೊಂಡ್ಯಾ?” ಎಂದೆ.

ಏಪ್ರಿಲ್ ತಿಂಗಳು!