ಅಪ್ಪ ತೋರಿಸಿದ ಅಣಬೆಯ ಜಾಗ

ಸೈಕಲ್ಲಿನ ಚೈನಿಗೆ ಎಣ್ಣೆ ಬಿಡದಿದ್ದದ್ದೇ ಅಂಬ್ರೋಝಿಗೆ ಮುಳುವಾಯಿತು. ಬೆಳಗಿನ ಮಂಜಿನಲ್ಲಿ ಅವನು ಬುಟ್ಟಿ ಕಟ್ಟಿಕೊಂಡು ಹೊರಟರೆ ಚೈನು ಹಸಿದ ಹಂದಿಮರಿಯಂತೆ ಕಿರುಚಿ ಯೆಲೋಂಕಿ ಹಳ್ಳಿಯನ್ನೇ ಎಬ್ಬಿಸಿತು.

ಪಕ್ಕದ ಮನೆಯ ಗೆನೋವೆಫಾ ಅತ್ತೆ ಬೇಲಿಯಿಂದ ಇಣುಕಿದಳು. “ಎಲ್ಲಿಗಪ್ಪಾ ಸವಾರಿ?”

“ಸುಮ್ನೆ ಅತ್ತೆ, ಗಾಳಿ ಕುಡಿಯೋಕೆ.”

“ಗಾಳಿ ತರೋಕೆ ಅಷ್ಟು ದೊಡ್ಡ ಬುಟ್ಟಿ ಬೇಕೇ ಬೇಕು ಬಿಡು. ತಡಿ, ನಾನೂ ಸೈಕಲ್ಲು ಬುಟ್ಟಿ ತಗೊಂಡ್ ಬಂದೆ.”

ತಿರುವಿನಲ್ಲಿ ಅಂಚೆಯ ತೆಲೆಸ್ಫೊರನೂ ಸೈಕಲ್ಲಿಗೆ ಬುಟ್ಟಿ ಕಟ್ಟಿಕೊಂಡು ಜೊತೆಗೂಡಿದ.

ಆ ಸೀಮೆಯಲ್ಲಿ ಅಣಬೆ ಏಳುವ ಜಾಗವನ್ನು ಕಟ್ಟಿಕೊಂಡ ಹೆಂಡತಿಗೂ ಹೇಳುವುದಿಲ್ಲ. ಅಂಬ್ರೋಝಿಯ ಅಪ್ಪ ಸಾಯುವಾಗ ಪಾದ್ರಿಗೆ ಪಾಪಗಳನ್ನೆಲ್ಲ ಒಪ್ಪಿಸಿ, ಆತ ಹೊರಗೆ ಹೋದ ಮೇಲೆ ಮಗನ ಕಿವಿಯಲ್ಲಿ ಉಸುರಿದ್ದ: ಕರಿಕೆರೆಯಾಚೆ, ಮೂರು ಓಕ್ ಮರಗಳ ಬುಡ. ಕ್ರಿಸ್‌ಮಸ್ ಹಿಂದಿನ ಸಂಜೆಯ ಸಾರಿಗೆ ಆ ಮನೆಯಲ್ಲಿ ಅಲ್ಲಿಯ ಅಣಬೆಯೇ ಆಗಬೇಕು. ಅದನ್ನು ಊರಿಗೆ ಬಿಟ್ಟುಕೊಡುವುದುಂಟೆ?

ಅಂಬ್ರೋಝಿ ಕರಿಕೆರೆಗೆ ವಿರುದ್ಧ ದಿಕ್ಕಿಗೆ ತಿರುಗಿದ. ದಾರಿಬದಿಯ ಹಳೆಯ ಶಿಲುಬೆಯ ಬಳಿ ಮೂವರೂ ಸೈಕಲ್ ನಿಲ್ಲಿಸಿ, ಕೈಮುಗಿದು, ಕಾಡು ಹೊಕ್ಕರು. ಪೈನ್ ಮರಗಳು ದೇವಾಲಯದ ಕಂಬಗಳಂತೆ ನಿಂತಿದ್ದವು. ಅವುಗಳ ನಡುವೆ ಬೆಳಕು ಸದ್ದಿಲ್ಲದೆ ಇಳಿಯುತ್ತಿತ್ತು. ದೂರದ ಜೌಗಿನಲ್ಲಿ ಕ್ರೌಂಚಗಳು ಕೂಗಿದವು. ಇಂಥ ಕಡೆ ಸುಳ್ಳು ಹೇಳುವುದಕ್ಕೆ ಅಂಬ್ರೋಝಿಗೇ ನಾಚಿಕೆಯಾಯಿತು. ಆದರೂ ನಡೆದ.

ಜೌಗು ಅವನನ್ನು ಮೊಣಕಾಲವರೆಗೆ ನುಂಗಿತು. ತೆಲೆಸ್ಫೊರ್ ಮೂಲಂಗಿ ಕಿತ್ತಂತೆ ಕಿತ್ತ. ಒಂದು ಬೂಟು ಭೂತಾಯಿಗೇ ಸಂದಿತು. ಕೊನೆಗೆ ಒಂದು ಒಣ ದಿಬ್ಬ ಬಂತು.

“ಇದೇ ನೋಡಿ,” ಎಂದ ಅಂಬ್ರೋಝಿ ಏದುಸಿರು ಬಿಡುತ್ತ. “ಅಪ್ಪ ತೋರ್ಸಿದ್ ಜಾಗ.”

ಅಲ್ಲಿ ಒಂದು ಅಣಬೆಯೂ ಇರಲಿಲ್ಲ. ಅವರಿಬ್ಬರೂ ಮುಖಮುಖ ನೋಡಿಕೊಂಡರು.

“ನಿಜ ಹೇಳ್ತಿದೀಯೇನೋ?” ಎಂದಳು ಅತ್ತೆ.

“ಅಪ್ಪನಾಣೆ.”

“ಹಂಗಾದ್ರೆ ಕರಿಕೆರೆ ಆಚೆ ಓಕ್ ಮರದ ಬುಡ?”

ಅಂಬ್ರೋಝಿ ಬಗ್ಗಿ ಉಳಿದ ಬೂಟಿನ ಕೆಸರು ಒರೆಸತೊಡಗಿದ.

“ಅದು ನಿಮ್ಮಪ್ಪಂದು ಅಂತ ಇಪ್ಪತ್ ವರ್ಷದಿಂದ ಊರಲ್ಲಿ ಯಾರೂ ಅತ್ಲಾಗೆ ಬುಟ್ಟಿ ಹಿಡ್ದು ಹೋಗಿಲ್ಲ ಮಾರಾಯ,” ಎಂದ ತೆಲೆಸ್ಫೊರ್. “ಸತ್ತೋರ ಮರ್ಯಾದೆ ನೋಡು. ಇವತ್ತೂ ನಿನ್ ಹಿಂದೆ ಬಂದಿದ್ದು ಅಲ್ಲೀತನಕ ಜೊತೆಗಿದ್ದು, ಆಮೇಲೆ ನಮ್ ಜಾಗ ಹುಡುಕ್ಕೊಳಣ ಅಂತ.”

“ಪಾಪ, ಅದು ನಿಮ್ದಲ್ಲ ಅಂತ ಗೊತ್ತಿಲ್ದೆ ಸುಮ್ನೆ ಕೊಳೆಸಿದ್ವಲ್ಲ ಅಷ್ಟೊಂದು ಅಣಬೇನ,” ಎಂದು ಅತ್ತೆ ಬುಟ್ಟಿ ಎತ್ತಿಕೊಂಡಳು. ನಾಲ್ಕು ಹೆಜ್ಜೆ ಹೋದವಳು, ಒಂಟಿ ಬೂಟಿನಲ್ಲಿ ನಿಂತ ಅವನನ್ನು ಕಂಡು ಕನಿಕರದಿಂದ ತಿರುಗಿದಳು.

“ನೀನೂ ಬಾರಪ್ಪ. ದಾರಿ ನಾನು ತೋರಿಸ್ತೀನಿ.”