ತಿಪ್ಪಿ ಓಣಿಯ ನಾಮಕರಣ

ಮೊದಲೇ ಹೇಳಿಬಿಡುತ್ತೇನೆ: ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅಂದು ಗುರುವಾರವೋ ಶುಕ್ರವಾರವೋ, ಟಾಂಗಾದ ಕುದುರೆ ಬಿಳಿಯದೋ ಕಂದು ಬಣ್ಣದ್ದೋ, ಆಣೆ ಇಟ್ಟು ಹೇಳಲಾರೆ. ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ ಎಂಬುದಂತೂ ಖಚಿತ. ನಮ್ಮ ಮನೆಯದು ಶುರುವಾಗಿತ್ತು, ಅದಕ್ಕೆ ಕಾರಣ ನಾನು.

ಹುಬ್ಬಳ್ಳಿಯಲ್ಲಿ ನಮ್ಮ ಮನೆ ಇದ್ದದ್ದು ತಿಪ್ಪಿ ಓಣಿಯಲ್ಲಿ. ಹಿಂದೆಂದೋ ಅಲ್ಲಿ ದೊಡ್ಡ ತಿಪ್ಪೆ ಇತ್ತಂತೆ. ತಿಪ್ಪೆ ಹೋಯಿತು, ಮನೆಗಳು ಬಂದವು, ವಕೀಲರಾದ ನನ್ನ ಯಜಮಾನರೂ ಬಂದರು. ಹೆಸರು ಮಾತ್ರ ಕದಲಲಿಲ್ಲ! ಆಗ ನಾದಿನಿ ಶಾಂತಾಳಿಗೆ ಗಂಡು ಹುಡುಕುತ್ತಿದ್ದೆವು. ಕೂಡಿಬಂದಿದ್ದ ಸಂಬಂಧವೊಂದು ವಿಳಾಸ ಕೇಳಿಯೇ ಹಿಂದೆ ಸರಿಯಿತು. "ತಿಪ್ಪಿ ಓಣಿ ಹುಡುಗಿ ನಮಗ ಬ್ಯಾಡ್ರಿ" ಎಂದರಂತೆ. ಅತ್ತೆ ಅತ್ತರು. ನಾನು ಬಿ.ಎ. ಪಾಸಾದವಳು. ಅಳಲಿಲ್ಲ, ಅರ್ಜಿ ಬರೆದೆ!

"ನಾಗರಿಕರ ಘನತೆ ಹಾಗೂ ವಿವಾಹಯೋಗ್ಯ ಕನ್ಯೆಯರ ಭವಿಷ್ಯವನ್ನು ಲಕ್ಷ್ಯದಲ್ಲಿಟ್ಟು, ಸದರಿ ಓಣಿಗೆ ನಂದನಪೇಟೆ ಎಂದು ನಾಮಕರಣ ಮಾಡತಕ್ಕದ್ದು."

ಯಜಮಾನರು ಓದಿ, "ಹೆಸರು ಬದಲಿ ಆದ್ರ ಗಟಾರ ಎಲ್ಲಿ ಹೋಗ್ತದ?" ಎಂದರು.

"ನೀವು ಸಹಿ ಮಾಡ್ರಿ. ಗಟಾರದ ಮಾತು ಆಮ್ಯಾಲ."

ಆಶ್ಚರ್ಯ! ಮುನಸಿಪಾಲ್ಟಿ ಠರಾವು ಪಾಸು ಮಾಡಿತು. ಗಟಾರ ಕಟ್ಟಿಸುವುದಕ್ಕಿಂತ ಹೆಸರು ಬದಲಿಸುವುದು ಸುಲಭ ಎಂಬುದು ನನಗೆ ಹೊಳೆದದ್ದು ತಡವಾಗಿ. ಓಣಿಯ ಮೂಲೆಯಲ್ಲಿ ಕಂಬ ನೆಟ್ಟು ನೀಲಿ ಬೋರ್ಡು ಹೊಡೆದರು. ಎದುರುಮನೆಯ ಬಸವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಬಾಯಾರ, ಇನ್ನ ಇಂದ್ರನ್ನೂ ಕರಸ್ತೀರೇನ್ರಿ? ಹಂಗಾರ ನಮ್ಮ ಎಮ್ಮಿ ಎಲ್ಲಿ ಕಟ್ಟೂಣು?"

ಕಂಬಕ್ಕೇ ಕಟ್ಟಿದಳು! ಎಮ್ಮೆ ಬೆನ್ನು ತಿಕ್ಕಿ ತಿಕ್ಕಿ ಕಂಬ ವಾಲಿತು, ಬೋರ್ಡು ಆಕಾಶಕ್ಕೆ ಮುಖ ಮಾಡಿತು. ನಂದನಪೇಟೆ ಎಂಬುದನ್ನು ಇನ್ನು ದೇವತೆಗಳೇ ಓದಬೇಕು!

ಅಷ್ಟರಲ್ಲಿ ಗದಗಿನಿಂದ ಇನ್ನೊಂದು ಸಂಬಂಧ ಬಂತು. ಹುಡುಗ ಇಂಜಿನಿಯರ್. ಹೊಸ ವಿಳಾಸವನ್ನೇ ಹೆಮ್ಮೆಯಿಂದ ಬರೆದು ಕಳಿಸಿದೆ.

"ಸ್ಟೇಶನ್ನಿಗೆ ನಾ ಹೋಗ್ಲೇನು?" ಅವರು ಹೆಣ್ಣು ನೋಡಲು ಬರುವ ದಿನ ಯಜಮಾನರು ಕೇಳಿದರು.

"ಯಾಕ್ರಿ? ಸರಕಾರಿ ಹೆಸರು ಅದ. ಟಾಂಗಾದವ ನೆಟ್ಟಗ ಕರ್ಕೊಂಡ ಬರ್ತಾನ."

ಬರಲಿಲ್ಲ. ಉಪ್ಪಿಟ್ಟು ಆರಿ ಗಟ್ಟಿಯಾಯಿತು. ಅತ್ತೆ ಒಲೆಗೂ ಬಾಗಿಲಿಗೂ ತಿರುಗಿ ಸುಸ್ತಾಗಿ, "ವಿಮಲಾ, ನಿನ್ನ ನಂದನಪ್ಯಾಟಿ ಭೂಮಿ ಮ್ಯಾಲ ಅದನೋ ಇಲ್ಲೋ?" ಎಂದರು.

ಸಂಜೆ ಯಜಮಾನರು ಸ್ಟೇಶನ್ನಿನ ಕಡೆ ವಿಚಾರಿಸಲು ಹೋದವರು ಟಾಂಗಾದ ಹುಸೇನಸಾಬನನ್ನೇ ಕರೆತಂದರು.

"ಊರೆಲ್ಲಾ ತಿರುಗಿದ್ನಿರಿ ಸಾಹೇಬ್ರ. ತಿಪ್ಪಿ ಓಣಿ ಅಂದಿದ್ರ ನನ್ನ ಕುದುರಿ ಕಣ್ಣ ಮುಚಗೊಂಡ ಬರ್ತಿತ್ತು! ಕಡೀಕ ಆ ಗದಗಿನವ್ರು, ವಕೀಲರ ಮನಿ, ಲಗ್ನದ ಹುಡುಗಿ ಅಂದ್ರು. ದುರ್ಗದಬೈಲ ಕಡೆ ಅಂಥಾ ಮನಿ ಒಂದೈತಿ. ಅಲ್ಲೇ ಇಳಿಸಿದ್ನಿ. ಆ ಮನಿಯವ್ರು ಭಾಳ ಛಲೋ ಉಪಚಾರ ಮಾಡಿದ್ರು!"

ಮಾಡದೆ ಏನು! ಆ ಮನೆಯವರೂ ಅಂದು ಯಾರದೋ ದಾರಿ ಕಾಯುತ್ತಿದ್ದರಂತೆ. ಬಂದವರನ್ನು ಬಿಟ್ಟಾರೇ? ಇಂಜಿನಿಯರ್ ಅಲ್ಲೇ ನಿಶ್ಚಯವಾದ. ನನ್ನ ನಂದನಪೇಟೆ ಒಂದು ಮದುವೆ ಮಾಡಿಸಿತ್ತು, ಬೇರೆಯವರ ಮಗಳದು!

ಹುಸೇನಸಾಬನನ್ನು ಕಳಿಸಲು ಬಾಗಿಲವರೆಗೆ ಹೋದೆ. ಟಾಂಗಾ ಹತ್ತುತ್ತ ಆತ ಹೇಳಿದ: "ಈ ಓಣಿ ಮೂಲ್ಯಾಗೂ ಕೇಳಿದ್ನಿರಿ ಬಾಯಾರ. ಜರದ ಸೀರಿ ಉಟ್ಕೊಂಡು ಒಬ್ಬ ತಂಗಿ ಬಾವಿ ಹತ್ರ ನಿಂತಿದ್ಲು. ನಂದನಪ್ಯಾಟಿ ಇಲ್ಲೆಲ್ಲೈತಿ, ರೈಲ್ವೆ ಗೇಟಿನ ಆಚಿಗೆ ಹೋಗ್ರಿ ಅಂದ್ಲು. ಜರದ ಸೀರ್ಯಾಗ ಯಾರರೆ ನೀರಿಗೆ ಬರ್ತಾರೇನ್ರಿ?"

ಅಂದು ನಮ್ಮ ಓಣಿಯಲ್ಲಿ ಜರಿ ಸೀರೆ ಉಟ್ಟವಳು ಒಬ್ಬಳೇ. ಉಡಿಸಿದವಳು ನಾನೇ. ಓಣಿಯ ಹೆಸರು ಬದಲಿಸಲು ಮುನಸಿಪಾಲ್ಟಿಯ ಮೆಂಬರರನ್ನೆಲ್ಲ ಕೇಳಿದ ಈ ಬಿ.ಎ. ಪದವೀಧರೆ, ಪಕ್ಕದ ಕೋಣೆಯಲ್ಲಿದ್ದವಳನ್ನು ಒಂದು ಮಾತು ಕೇಳಿರಲಿಲ್ಲ.

ಒಳಗೆ ಹೋಗಿ ಮೆಲ್ಲಗೆ ಕೇಳಿದೆ. ಶಾಂತಾ ಸೀರೆ ಮಡಚುತ್ತ, "ವೈನಿ, ಉಪ್ಪಿಟ್ಟು ಬಿಸಿ ಮಾಡ್ಲೇನು?" ಎಂದಳು. ಮುಂದೆ ಆಕೆ ಕಾಲೇಜಿಗೆ ಹೋದಳು, ಶಿಕ್ಷಕಿಯಾದಳು, ತನಗೆ ಬೇಕಾದವರನ್ನು ಮದುವೆಯಾದಳು. ಈಗಲೂ ಮನೆಗೆ ಬಂದಾಗಲೆಲ್ಲ ಕೇಳುತ್ತೇನೆ, ಈಗಲೂ ನಗುತ್ತಾಳೆ, ಅಷ್ಟೆ:

"ಖರೇ ಹೇಳ ಶಾಂತಾ, ನಿನಗ ಆ ಹುಡುಗ ಬ್ಯಾಡಾಗಿದ್ನೋ, ನನ್ನ ನಂದನಪ್ಯಾಟಿ ಬ್ಯಾಡಾಗಿತ್ತೋ?"